ಸತ್ಯಾಂಶ: ಬೂದಿ ಬೆರೆತ ಸಿಮೆಂಟ್ ಕಲಬೆರಕೆಯೇ?

‘ದೊಡ್ಡ ಕಂಪನಿಗಳು ಬೂದಿ ಬೆರೆಸಿಯೇ ಬೆಳೆದವು, ಪಿಪಿಸಿ ಕಲಬೆರಕೆ, 53 ಗ್ರೇಡ್ ಒಂದೇ ತಗೊಳ್ರಿ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುವವರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಪಿಪಿಸಿ ಎಂದರೆ ಹಾರುಬೂದಿ, ಅಂದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ನುಣ್ಣನೆ ಬೂದಿ, ಬೆರೆಸಿದ ಸಿಮೆಂಟ್; 53 ಗ್ರೇಡ್ ಎಂದರೆ ಬೂದಿ ಬೆರೆಸದ, ಬೇಗ ಬಲ ಪಡೆಯುವ ಸಿಮೆಂಟ್.

ಮೊದಲ ಮಾತು ಅರ್ಧ ನಿಜ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಆದ ಎಸಿಸಿ ಸಿಮೆಂಟ್ ಕಂಪನಿ ಹುಟ್ಟಿದ್ದು ಬೂದಿಯಿಂದಲ್ಲ, ವಿಲೀನದಿಂದ. ಆದರೆ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ಮಾಡುವ ಕ್ಲಿಂಕರ್ (ಸಿಮೆಂಟಿನ ಮೂಲವಸ್ತು) ದುಬಾರಿ; ಹಾರುಬೂದಿ ಸೇರಿಸಿದರೆ ಅಷ್ಟೇ ಕ್ಲಿಂಕರಿಗೆ ಹೆಚ್ಚು ಚೀಲ ಸಿಗುತ್ತವೆ. ಕಂಪನಿಗೆ ಲಾಭವೇ, ಮೋಸವಂತೂ ಅಲ್ಲ. ಪಿಪಿಸಿಯ ಭಾರತೀಯ ಮಾನಕ ಐಎಸ್ 1489 ಪ್ರಕಾರ ಬೂದಿ ಶೇ 15ರಿಂದ 35 ಇರಬಹುದು. ಶೇ 30 ಎಂದರೆ 50 ಕೆಜಿ ಚೀಲದಲ್ಲಿ 15 ಕೆಜಿ. ಪ್ರಮಾಣವನ್ನು ಚೀಲದ ಮೇಲೇ ಮುದ್ರಿಸಿರುತ್ತಾರೆ, ಹುಡುಕಿ ನೋಡಿ.

ನೀರು ಬಿದ್ದಾಗ ಸಿಮೆಂಟ್ ಸುಣ್ಣ ಬಿಡುತ್ತದೆ. ಬೂದಿಯ ಸಿಲಿಕಾ ಅದನ್ನು ಹಿಡಿದು ಗಟ್ಟಿಯಾಗುತ್ತದೆ, ಆದರೆ ನಿಧಾನವಾಗಿ. ಗೋಳಾಗುವುದು ಇಲ್ಲೇ. ಏಪ್ರಿಲ್ ಬಿಸಿಲಲ್ಲಿ ಗೌಂಡಿ ನಾಲ್ಕು ದಿನ ನೀರು ಹೊಡೆದು ಬಿಟ್ಟರೆ ಮೇಲ್ಪದರ ಪುಡಿಯಾಗುತ್ತದೆ, ಬೈಗುಳ ಮಾತ್ರ ಬೂದಿಗೆ. ಒಣ ಬಿಸಿಲಲ್ಲಿ ಪಿಪಿಸಿ ಕಾಂಕ್ರೀಟಿಗೆ 14 ದಿನ ನೀರುಣಿಸಬೇಕು. ಸ್ಲ್ಯಾಬಿನ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಿ. ಸೆಂಟ್ರಿಂಗ್ ಬಿಚ್ಚಲು ಅವಸರ ಬೇಡ.

ಗಿಲಾವಿಗೆ 53 ಗ್ರೇಡ್ ಹಾಕಿದರೆ ಬೇಗ ಬಿಸಿಯೇರಿ ಕೂದಲೆಳೆ ಬಿರುಕು ಬರುವ ಸಾಧ್ಯತೆಯೇ ಹೆಚ್ಚು. ಕಡುಬೂದು ಬಣ್ಣ ನೋಡಿ ಗುಣ ಅಳೆಯಬೇಡಿ. ಚೀಲದಲ್ಲಿ ಬೆರಳಿಗೆ ಪುಡಿಯಾಗದ ಗಂಟು ಸಿಕ್ಕರೆ ಮಾತ್ರ ವಾಪಸ್ ಕಳಿಸಿ.