ಹೃದಯಕ್ಕೊಂದು ಬಾಹ್ಯ ಬೆಂಬಲ

ಮೀನೆಣ್ಣೆ ಡಬ್ಬಿಯ ಮೇಲೆ ಬರೆದದ್ದನ್ನು ಓದುವಾಗ ಕ್ರಿಯಾಪದದ ಮೇಲೆ ಕಣ್ಣಿಟ್ಟಿರಬೇಕು. ಅಲ್ಲಿ ‘ಕೊಲೆಸ್ಟ್ರಾಲ್ ಇಳಿಸುತ್ತದೆ’ ಎಂದಿರುವುದಿಲ್ಲ. ‘ಹೃದಯಾಘಾತ ತಡೆಯುತ್ತದೆ’ ಎಂದೂ ಇರುವುದಿಲ್ಲ. ಹೊಂಬಣ್ಣದ ಕ್ಯಾಪ್ಸೂಲು, ಪಕ್ಕದಲ್ಲೊಂದು ಕೆಂಪು ಹೃದಯ, ಕೆಳಗೆ ‘ಹೃದಯದ ಆರೋಗ್ಯವನ್ನು ಬೆಂಬಲಿಸುತ್ತದೆ’. ಅಷ್ಟೇ. ಬೆಂಬಲ! ರಾಜಕೀಯ ಬಲ್ಲವರಿಗೆ ಈ ಪದದ ಮಹಿಮೆಯನ್ನು ಬಿಡಿಸಿ ಹೇಳಬೇಕಿಲ್ಲ. ಸಂಪುಟ ಸೇರದೆ ಹೊರಗಿನಿಂದ ಬೆಂಬಲ ಕೊಡುವ ಪಕ್ಷಕ್ಕೆ ಖಾತೆಯಿಲ್ಲ, ಹೊಣೆಯಿಲ್ಲ, ಸದನದಲ್ಲಿ ಎದ್ದು ನಿಂತು ಉತ್ತರ ಕೊಡುವ ಕರ್ಮವಿಲ್ಲ. ಸರ್ಕಾರ ಉಳಿದರೆ ‘ನಮ್ಮಿಂದಲೇ’, ಉರುಳಿದರೆ ‘ನಾವೇನು ಒಳಗಿದ್ದೆವೇ?’

ಈ ವ್ಯಾಕರಣಕ್ಕೆ ಕಾನೂನಿನ ಮುದ್ರೆ ಒತ್ತಿದ ಕೀರ್ತಿ ಅಮೆರಿಕದ್ದು. ಅಲ್ಲಿನ 1994ರ ಕಾಯ್ದೆ ಮೀನೆಣ್ಣೆಯಂಥ ಪೂರಕಗಳನ್ನು (ಸಪ್ಲಿಮೆಂಟುಗಳನ್ನು) ಔಷಧಿಗಳ ಸಾಲಿಗೆ ಸೇರಿಸದೆ ಆಹಾರದ ಸಾಲಿನಲ್ಲಿ ಕೂರಿಸಿತು. ಔಷಧಿಯಾದರೆ ಮಾರುವ ಮುಂಚೆ ಕೆಲಸ ಮಾಡುತ್ತದೆಂದು ಸಾಬೀತು ಮಾಡಬೇಕು. ಪೂರಕಕ್ಕೆ ಆ ತಾಪತ್ರಯವಿಲ್ಲ. ‘ಬೆಂಬಲಿಸುತ್ತದೆ’, ‘ಕಾಪಾಡಿಕೊಳ್ಳಲು ನೆರವಾಗುತ್ತದೆ’ ಎಂದು ಮುಂದೆ ದಪ್ಪಕ್ಷರದಲ್ಲಿ ಬರೆದು, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಈ ಉತ್ಪನ್ನ ಯಾವ ರೋಗವನ್ನೂ ಪತ್ತೆಹಚ್ಚಲು, ಗುಣಪಡಿಸಲು, ತಡೆಯಲು ಉದ್ದೇಶಿಸಿದ್ದಲ್ಲ’ ಎಂದು ಹಾಕಿದರೆ ಮುಗಿಯಿತು. ಒಂದೇ ಡಬ್ಬಿಯ ಮುಂಭಾಗಕ್ಕೂ ಹಿಂಭಾಗಕ್ಕೂ ಮಾತುಕತೆ ಇಲ್ಲ.

ತಮಾಷೆಯೆಂದರೆ, ಸ್ವಲ್ಪ ಪ್ರಾಮಾಣಿಕವಾದ ಒಂದು ವಾಕ್ಯವೂ ಲಭ್ಯವಿತ್ತು. ಅಲ್ಲಿನ ಔಷಧ ನಿಯಂತ್ರಕರು 2004ರಲ್ಲಿ ‘ಇದರ ಪರವಾದ ಸಂಶೋಧನೆಗಳಿವೆ, ಆದರೆ ನಿರ್ಣಾಯಕವಲ್ಲ, ಹೃದ್ರೋಗದ ಅಪಾಯ ತಗ್ಗಿದರೂ ತಗ್ಗಬಹುದು’ ಎಂಬ ಧಾಟಿಯ ವಾಕ್ಯಕ್ಕೆ ಅನುಮತಿ ಕೊಟ್ಟಿದ್ದರು. ಅಡ್ಡಗೋಡೆಯ ಮೇಲಿನ ದೀಪವೇ, ಆದರೂ ದೀಪ. 2023ರಲ್ಲಿ ಸಂಶೋಧಕರು 2,819 ಮೀನೆಣ್ಣೆ ಪೂರಕಗಳ ಲೇಬಲ್ ಓದಿ ನೋಡಿದರು. ಶೇ. 74ರಷ್ಟು ಡಬ್ಬಿಗಳ ಮೇಲೆ ಒಂದಲ್ಲ ಒಂದು ಆರೋಗ್ಯದ ಮಾತಿತ್ತು. ಆ ಪೈಕಿ ಐದರಲ್ಲಿ ನಾಲ್ಕು ಡಬ್ಬಿಗಳಿಗೆ ಆ ಅಡ್ಡಗೋಡೆಯ ದೀಪವೂ ಬೇಡವಾಗಿತ್ತು. ಬರೀ ‘ಬೆಂಬಲ’ ಸಾಕಿತ್ತು. ‘ನಿರ್ಣಾಯಕವಲ್ಲ’ ಎಂದು ಬರೆದು ಯಾರು ವ್ಯಾಪಾರ ಮಾಡುತ್ತಾರೆ ಹೇಳಿ?

ನನ್ನ ನಿವೃತ್ತ ಗೆಳೆಯರೊಬ್ಬರಿಗೆ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಏರಿತ್ತು. ವೈದ್ಯರು ಅದನ್ನು ಇಳಿಸುವ ಸ್ಟಾಟಿನ್ ಮಾತ್ರೆ ಬರೆದುಕೊಟ್ಟರು. ಇವರು ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೀನೆಣ್ಣೆ ತಂದರು. ‘ಅದು ಕೆಮಿಕಲ್ಲು ಮಾರಾಯ್ರೇ, ಇದು ನ್ಯಾಚುರಲ್ಲು’ ಎಂದರು. ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಶುದ್ಧೀಕರಿಸಿ, ವಾಸನೆ ಕಳೆದು, ಜೆಲಟಿನ್ ಚಿಪ್ಪಿನೊಳಗೆ ತುಂಬಿ ಮುಚ್ಚಿದ ವಸ್ತು ಯಾವ ಹಂತದವರೆಗೂ ನ್ಯಾಚುರಲ್ ಆಗಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೀನೆಣ್ಣೆಯ ಅಸಲಿ ಸರಕಾದ ಒಮೆಗಾ-3 ಎಂಬ ಕೊಬ್ಬು ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ 4 ಗ್ರಾಂನಷ್ಟು ಕೊಟ್ಟರೆ ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಚೆನ್ನಾಗಿಯೇ ಇಳಿಯುತ್ತದೆ. ಆದರೆ ಗೆಳೆಯರಿಗೆ ಏರಿದ್ದು ಟ್ರೈಗ್ಲಿಸರೈಡ್ ಅಲ್ಲ, ಎಲ್‌ಡಿಎಲ್. ಅದರ ಮೇಲೆ ಮೀನೆಣ್ಣೆಯ ಆಟ ನಡೆಯುವುದಿಲ್ಲ. ಒಮೆಗಾ-3ರ ಒಂದು ಬಗೆಯಾದ ಡಿಎಚ್‌ಎ ಹೆಚ್ಚಿದ್ದರೆ ಕೆಲವರಲ್ಲಿ ಎಲ್‌ಡಿಎಲ್ ತುಸು ಏರುವುದೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದಕ್ಕೆ ಲ್ಯಾಬ್ ರಿಪೋರ್ಟಿನ ಪುರಾವೆ ಬೇಕಿದ್ದರೆ ಇಲ್ಲಿದೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೀನೆಣ್ಣೆ, ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ ಮೊದಲಾದ ಪೂರಕಗಳನ್ನು 5 ಮಿಲಿಗ್ರಾಂ ರೊಸುವಾಸ್ಟಾಟಿನ್ ಎಂಬ ಸ್ಟಾಟಿನ್ ಎದುರು 28 ದಿನ ಕಣಕ್ಕಿಳಿಸಿದರು. ಸ್ಟಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಶೇ. 38 ಇಳಿಸಿತು. ಪೂರಕಗಳಲ್ಲಿ ಒಂದೂ, ಹೋಲಿಕೆಗೆಂದು ಕೊಟ್ಟ ಮದ್ದಿಲ್ಲದ ಹುಸಿಮಾತ್ರೆಯನ್ನು ಮೀರಿಸಲಿಲ್ಲ. (ಹಣ ಕೊಟ್ಟದ್ದು ಸ್ಟಾಟಿನ್ ಮಾರುವ ಕಂಪನಿಯೇ. ಹಾಗೆಂದು ಬೆಳ್ಳುಳ್ಳಿಯನ್ನು ಸೋಲಿಸಲು ಲಂಚವೇನೂ ಬೇಕಾಗಿರಲಿಲ್ಲ.)

ಲೆಕ್ಕವೊಂದನ್ನು ಹೇಳಿಬಿಡುತ್ತೇನೆ. ಡಬ್ಬಿಯ ಮೇಲೆ ರಾರಾಜಿಸುವ ‘1000 ಮಿಲಿಗ್ರಾಂ’ ಎಣ್ಣೆಯ ತೂಕ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಒಮೆಗಾ-3ರ ಇನ್ನೊಂದು ಬಗೆಯಾದ ಇಪಿಎ 180, ಡಿಎಚ್‌ಎ 120, ಒಟ್ಟು 300. ಉಳಿದ 700 ಮಿಲಿಗ್ರಾಂ ಬೇರೆ ಕೊಬ್ಬು, ಸಭೆ ತುಂಬಿಸಲು ಕರೆತಂದ ಜನರ ಹಾಗೆ. 4 ಗ್ರಾಂ ಮುಟ್ಟಬೇಕಾದರೆ ಹದಿಮೂರು ನುಂಗಿ ಇನ್ನೊಂದಕ್ಕೆ ಕೈಹಾಕಬೇಕು. ‘ಒಮೆಗಾ 3-6-9’ ಎಂಬ ಮೂರು ಪಕ್ಷಗಳ ಮೈತ್ರಿಕೂಟವೂ ಉಂಟು. ಇದರಲ್ಲಿ 9ನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, 6 ಸಸ್ಯದ ಎಣ್ಣೆಗಳಲ್ಲಿ ಧಾರಾಳವಾಗಿದೆ. ಬೋರ್ಡಿನ ಮೇಲೆ ಅಂಕಿ ಜಾಸ್ತಿ ಕಾಣಲಿ ಎಂದು ಇಬ್ಬರನ್ನೂ ಸೇರಿಸಿಕೊಂಡದ್ದು.

ಇಷ್ಟಕ್ಕೂ ಈ ಭಕ್ತಿ ಶುರುವಾದದ್ದು ಹೇಗೆ? 1970ರ ದಶಕದಲ್ಲಿ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಡೆನ್ಮಾರ್ಕಿನ ಇಬ್ಬರು ಗ್ರೀನ್‌ಲ್ಯಾಂಡಿಗೆ ಹೋಗಿ, ಸೀಲ್, ತಿಮಿಂಗಿಲ, ಮೀನು ತಿನ್ನುವ ಇನ್ಯೂಟ್ ಜನರ ರಕ್ತ ತೆಗೆದು ಕೊಬ್ಬು ಅಳೆದರು. ಇವರಿಗೆ ಹೃದ್ರೋಗ ಅಪರೂಪವಂತೆ, ಕಾರಣ ಈ ಕೊಬ್ಬೇ ಇರಬೇಕು ಎಂಬ ಊಹೆ ಹುಟ್ಟಿತು. 2014ರಲ್ಲಿ ಕೆನಡಾದ ತಜ್ಞರು ಹಳೆಯ ಕಡತ ಬಿಚ್ಚಿ ನೋಡಿದರೆ, ಇಬ್ಬರೂ ಆ ಜನರ ಹೃದಯವನ್ನೇ ಪರೀಕ್ಷಿಸಿರಲಿಲ್ಲ! ಹೃದ್ರೋಗ ಕಡಿಮೆ ಎಂಬುದು ಸರ್ಕಾರಿ ದಾಖಲೆಗಳ ಮೇಲೆ ನಿಂತ ಮಾತು. ಲಭ್ಯವಿರುವ ಪುರಾವೆಗಳ ಪ್ರಕಾರ ಅವರ ಹೃದಯವೂ ಉಳಿದವರಷ್ಟೇ ಕೈಕೊಡುತ್ತಿತ್ತು. ಅಷ್ಟರಲ್ಲಿ ಕ್ಯಾಪ್ಸೂಲು ಲೋಕಸಂಚಾರಕ್ಕೆ ಹೊರಟು ದಶಕಗಳೇ ಕಳೆದಿದ್ದವು.

ನಡುವೆ ದೊಡ್ಡ ಪರೀಕ್ಷೆಗಳೂ ನಡೆದವು. 1999ರಲ್ಲಿ ಇಟಲಿಯ ಪ್ರಯೋಗವೊಂದು, ಆಗಲೇ ಹೃದಯಾಘಾತವಾಗಿದ್ದವರಲ್ಲಿ ಒಳ್ಳೆಯ ಫಲ ತೋರಿತು. 2018ರಲ್ಲಿ 25,871 ಜನರ ‘ವೈಟಲ್’ ಮತ್ತು 15,480 ಮಧುಮೇಹಿಗಳ ‘ಅಸೆಂಡ್’ ಪ್ರಯೋಗಗಳು ದಿನಕ್ಕೊಂದು ಗ್ರಾಂ ಕೊಟ್ಟು ವರ್ಷಗಟ್ಟಲೆ ಕಾದವು. ಹೃದಯದ ದೊಡ್ಡ ಅವಘಡಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ನಿಜವಾದ ನಾಟಕ ನಡೆದದ್ದು ಬೇರೆ ಕಡೆ. ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ ಶುದ್ಧ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟಾಗ ಅವಘಡಗಳು ಶೇ. 25 ಇಳಿದವು. ಇದು ಸ್ಟಾಟಿನ್ ಬದಲಿಗೆ ಅಲ್ಲ, ಸ್ಟಾಟಿನ್ ಜೊತೆಗೆ ಕೊಡುವ, ವೈದ್ಯರ ಚೀಟಿಯ ಮೇಲಿನ ಔಷಧಿ. ಹರ್ಷೋದ್ಗಾರ ಮುಗಿಯುವ ಮೊದಲೇ ಯಾರೋ ಎದುರು ಗುಂಪಿನ ಡಬ್ಬಿ ಮೂಸಿದರು. ಹುಸಿಮಾತ್ರೆಯಲ್ಲಿ ಇದ್ದದ್ದು ಖನಿಜ ತೈಲ. ಅದನ್ನು ನುಂಗಿದವರ ಎಲ್‌ಡಿಎಲ್ ಸುಮಾರು ಶೇ. 10 ಏರಿತ್ತು, ಉರಿಯೂತದ ಸೂಚಕ ಸಿಆರ್‌ಪಿಯೂ ಏರಿತ್ತು. ಹಾಗಾದರೆ ಮೀನೆಣ್ಣೆ ಗೆದ್ದಿತೋ, ಎದುರಾಳಿ ಕಾಲು ಮುರಿದುಕೊಂಡನೋ? ಅಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು ಎನ್ನುವವರೂ ಇದ್ದಾರೆ. 2020ರ ‘ಸ್ಟ್ರೆಂತ್’ ಪ್ರಯೋಗದಲ್ಲಿ ಎದುರು ಗುಂಪಿಗೆ ಜೋಳದ ಎಣ್ಣೆ ಕೊಟ್ಟು, ಇತ್ತ ಇಪಿಎ, ಡಿಎಚ್‌ಎ ಎರಡನ್ನೂ ಸೇರಿಸಿ 4 ಗ್ರಾಂ ಕೊಟ್ಟರು. ಪ್ರಯೋಜನವಿಲ್ಲವೆಂದು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಂದಿನಿಂದ ಹೃದಯತಜ್ಞರು ಎಣ್ಣೆಗೆ ಹೋಲಿಸಿದ ಎಣ್ಣೆ ಎಂಥದು ಎಂದು ಜಗಳವಾಡುತ್ತಲೇ ಇದ್ದಾರೆ.

ಉರಿಯೂತದ ವಿಷಯದಲ್ಲಿ ಪಾಪ ಇಪಿಎ ಪರ ನಿಲ್ಲಬೇಕು. ಉರಿ ಹಚ್ಚುವ ರಾಸಾಯನಿಕಗಳಿಗೆ ಕಚ್ಚಾವಸ್ತುವಾದ ಅರಾಕಿಡೋನಿಕ್ ಆಮ್ಲದ ಜೊತೆ ಅದೇ ಕಿಣ್ವಕ್ಕಾಗಿ ಅದು ಪೈಪೋಟಿ ನಡೆಸುತ್ತದೆ. ರುಮಟಾಯ್ಡ್ ಸಂಧಿವಾತದವರಲ್ಲಿ ದಿನಕ್ಕೆ 3 ಗ್ರಾಂನ ಆಸುಪಾಸು ಕೊಟ್ಟಾಗ ಬೆಳಗಿನ ಕೀಲುಬಿಗಿತ ತುಸು ಸಡಿಲವಾದದ್ದೂ ಉಂಟು. ಆದರೆ ಒಂದೇ ಕ್ಯಾಪ್ಸೂಲಿನ 300 ಮಿಲಿಗ್ರಾಂ ನುಂಗಿ ಮೈಯೊಳಗಿನ ಉರಿ ಆರಿತೆಂದು ಭಾವಿಸುವುದು, ಕಾಡ್ಗಿಚ್ಚಿಗೆ ಉದ್ಧರಣೆಯಲ್ಲಿ ನೀರು ಹಾಕಿದಂತೆ.

ಸರಿ, ಹೆಚ್ಚು ನುಂಗೋಣ ಎನ್ನುವಿರಾ? ಅಲ್ಲೇ ಇರುವುದು ಬಾಹ್ಯ ಬೆಂಬಲದ ಅಸಲಿ ಗುಣ. 4 ಗ್ರಾಂನ ಆ ಎರಡೂ ಪ್ರಯೋಗಗಳಲ್ಲಿ, ಗೆದ್ದದ್ದರಲ್ಲೂ ಸೋತದ್ದರಲ್ಲೂ, ಹೃತ್ಕರ್ಣಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚಾಯಿತು. ಹೃತ್ಕರ್ಣವೆಂದರೆ ಹೃದಯದ ಮೇಲ್ಮನೆ. ಬೆಂಬಲ ಕೊಟ್ಟವರೇ ಹೋಗಿ ಅಲ್ಲಿ ಗದ್ದಲ ಎಬ್ಬಿಸಿದರು.

ಇದನ್ನೆಲ್ಲ ಗೆಳೆಯರಿಗೆ ಒಪ್ಪಿಸಿದೆ. ಅವರ ಹೊಸ ರಿಪೋರ್ಟೂ ಮೇಜಿನ ಮೇಲಿತ್ತು. ಎಲ್‌ಡಿಎಲ್ ಇದ್ದಲ್ಲೇ ಇತ್ತು. ವೈದ್ಯರ ಚೀಟಿ ಹೊರತೆಗೆದು ಮಡಿಕೆ ಬಿಡಿಸಿದರು, ಸಮಾಧಾನವಾಯಿತು. ಆದರೆ ಇನ್ನೊಂದು ಕೈ ಡಬ್ಬಿಯನ್ನು ಬಿಟ್ಟಿರಲಿಲ್ಲ.

‘ಮಾತ್ರೆ ತಗೋತೀನಿ, ಆಯ್ತು’ ಎಂದರು. ‘ಆದ್ರೆ ಇದನ್ನ ನಿಲ್ಲಿಸೋಕೆ ಭಯ ಮಾರಾಯ್ರೇ. ಬೆಂಬಲ ವಾಪಸ್ ತಗೊಂಡ ಮೇಲೆ ಸರ್ಕಾರ ಬಿದ್ದುಹೋದ್ರೆ?’