ವಿಜ್ಞಾನ ಸಂಘಗಳ ಕಪಾಟಿನಲ್ಲಿರುವುದು ವಿಕಿಪೀಡಿಯಕ್ಕೆ ಬರಲಿ

ಯಾವುದಾದರೂ ವಿಜ್ಞಾನ ಸಂಘದವರು "ನಾವೂ ವಿಕಿಪೀಡಿಯಕ್ಕೆ ಬರೀತೀವಿ, ಸಹಾಯ ಮಾಡಿ" ಅಂದರೆ ನನಗೆ ತುಂಬಾ ಖುಷಿ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಇವತ್ತಿಗೂ ವಿಜ್ಞಾನದ ಎಷ್ಟೋ ಪುಟಗಳು ನಾಲ್ಕು ಸಾಲಿಗೇ ನಿಂತಿವೆ. ಆ ವಿಷಯ ಬಲ್ಲವರು ಬಂದರೆ ಬೇಡ ಅನ್ನುವವರು ಯಾರು?

ಆದರೆ ಮೊದಲ ಸಭೆಯಲ್ಲೇ ಬರುವ ಬೇಡಿಕೆ ಸಾಮಾನ್ಯವಾಗಿ ಒಂದೇ. ಸಂಘದ ಬಗ್ಗೆ ಒಂದು ಪುಟ, ಅಧ್ಯಕ್ಷರ ಬಗ್ಗೆ ಇನ್ನೊಂದು. ಅದು ಬೇಡ ಅಂತ ನಾನು ನೇರವಾಗಿ ಹೇಳುತ್ತೇನೆ. ತಮ್ಮ ಬಗ್ಗೆ ತಾವೇ ಬರೆದುಕೊಂಡ ಪುಟವನ್ನು ಅಲ್ಲಿ ಯಾರೂ ನಂಬುವುದಿಲ್ಲ, ಬಹಳಷ್ಟು ಸಲ ಅಳಿಸಿಯೇ ಹಾಕುತ್ತಾರೆ. ಅಷ್ಟಕ್ಕೆ ಸಂಘದ ಹುರುಪೂ ಇಳಿದುಹೋಗುತ್ತದೆ.

ಅದರ ಬದಲು ಸದಸ್ಯರನ್ನು ಅವರವರ ವಿಷಯದ ಪುಟದ ಮುಂದೆ ಕೂರಿಸಿ. ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ನೀಲಕುರಿಂಜಿ ಪುಟ ತೆರೆದು, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಆ ಹೂವಿನ ಬಗ್ಗೆ ಚಂದದ ಎರಡು ಪ್ಯಾರಾ ಬರೆದರು. ಮಾರನೇ ದಿನ ಯಾರೋ "ಉಲ್ಲೇಖ ಬೇಕು" ಅಂತ ಗುರುತು ಹಾಕಿದ್ದರು. "ನಾನು ಕಣ್ಣಾರೆ ಕಂಡಿದ್ದೀನಲ್ರೀ!" ಅಂತ ಮೇಷ್ಟ್ರು ಸಿಟ್ಟಾದರು. ಸಿಟ್ಟು ಸಹಜ. ಆದರೆ ಅಲ್ಲಿ ಬರೆದವರ ಅನುಭವ ಎಷ್ಟೇ ದೊಡ್ಡದಿರಲಿ, ಲೆಕ್ಕಕ್ಕೆ ಬರುವುದು ಈಗಾಗಲೇ ಅಚ್ಚಾದ, ಬೇರೆಯವರು ಹುಡುಕಿ ನೋಡಬಹುದಾದ ಆಧಾರ ಮಾತ್ರ. ಅವರ ಮನೆಯ ಕಪಾಟಿನಲ್ಲೇ ಚಿಕ್ಕಮಗಳೂರು ಸೀಮೆಯ ಸಸ್ಯಗಳ ಪುಸ್ತಕವಿತ್ತು. ಹೆಸರು, ವರ್ಷ, ಪುಟಸಂಖ್ಯೆ ಸೇರಿಸಿದೆವು. ಬರಹ ಉಳಿಯಿತು. ಯಾವ ಮಾತಿಗೆ ಯಾವ ಪುಸ್ತಕದ ಎಷ್ಟನೇ ಪುಟ ನೋಡಬೇಕು ಅನ್ನುವುದು ಇಂಥ ಮೇಷ್ಟ್ರುಗಳಿಗೆ ಗೊತ್ತು. ನಮ್ಮಂಥ ಹವ್ಯಾಸಿಗಳಿಗೆ ಅದು ಗೊತ್ತಾಗುವುದೇ ಇಲ್ಲ.

ಇನ್ನು ಸಂಘದ ಕಪಾಟಿಗೆ ಬರೋಣ. ಹಳೆಯ ಸಂಚಿಕೆಗಳು, ಕಿರುಹೊತ್ತಿಗೆಗಳು, ಕೈಯಲ್ಲಿ ಬರೆದ ಚಿತ್ರಗಳು, ಸ್ಲೈಡ್‌ಗಳು. ಕನ್ನಡದ ಮಟ್ಟಿಗೆ ಇದು ದೊಡ್ಡ ಆಸ್ತಿ. "ಬಾಲ ವಿಜ್ಞಾನ" ಮಾಸಪತ್ರಿಕೆ ಶುರುವಾಗಿದ್ದು 1978ರಲ್ಲಿ. ಅಂಥ ಪತ್ರಿಕೆಗಳಲ್ಲಿ ಹಿರಿಯರು ತಿಳಿಗನ್ನಡದಲ್ಲಿ ಬರೆದಿಟ್ಟ ವಿಜ್ಞಾನ ಇವತ್ತಿನ ಮಕ್ಕಳಿಗೆ ಮೊಬೈಲ್‌ನಲ್ಲಿ ಸಿಗಬೇಕು ಅಲ್ವಾ?

ಇಲ್ಲಿ ಎಲ್ಲರೂ ಎಡವುವುದು ಅನುಮತಿ ಪತ್ರದಲ್ಲಿ. "ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ ಬಳಸಬಹುದು" ಅಂತ ಲೆಟರ್‌ಹೆಡ್‌ನಲ್ಲಿ ಬರೆದು, ಸೀಲು ಒತ್ತಿ ಕೊಡುತ್ತಾರೆ. ಅದು ನಡೆಯುವುದಿಲ್ಲ. ಯಾರು ಬೇಕಾದರೂ, ವ್ಯಾಪಾರಕ್ಕೂ ಸೇರಿ, ಹೆಸರು ಹೇಳಿ ಬಳಸಬಹುದು, ತಿದ್ದಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೇ ಬೇಕು. ಇನ್ನೊಂದು ತೊಡಕೂ ಇದೆ. ಲೇಖನ ಅಚ್ಚು ಮಾಡಿದ ಮಾತ್ರಕ್ಕೆ ಕಾಪಿರೈಟ್ ಸಂಘದ್ದಾಗುವುದಿಲ್ಲ, ಎಷ್ಟೋ ಸಲ ಅದು ಲೇಖಕರದ್ದೇ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅಂದರೆ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಹುಡುಕಿ ಕೇಳಬೇಕು. ಓಡಾಟ ಜಾಸ್ತಿ, ನಿಜ. ಆದರೆ ಆಗದ ಕೆಲಸವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನೇ ಇಂಥ ಮುಕ್ತ ಪರವಾನಗಿಗೆ ತಂದಿತು. ಅದರ ಸಂಪುಟಗಳು ವಿಕಿಪೀಡಿಯದ ಸೋದರ ತಾಣ, ಮುಕ್ತ ಪುಸ್ತಕಗಳ ವಿಕಿಸೋರ್ಸ್‌ಗೆ ಬಂದವು. ಅಷ್ಟು ದೊಡ್ಡ ಸಂಸ್ಥೆ ಮಾಡಿದ್ದನ್ನು ಒಂದು ಸಂಘ ಮಾಡಲಾರದೇ?

ಪರವಾನಗಿ ಅಂದರೆ ಸುಮ್ನೆ ಕಾಗದದ ತಕರಾರು ಅಂದುಕೊಳ್ಳುವವರು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಕತೆ ಕೇಳಬೇಕು. 2018ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಬೆಳಕಿನ ವಿಜ್ಞಾನದವರ ಸಂಘವಾದ ಅಮೆರಿಕದ ಆಪ್ಟಿಕಲ್ ಸೊಸೈಟಿಗೆ 2013ರಲ್ಲೇ ಅಧ್ಯಕ್ಷೆಯಾಗಿದ್ದವರು. ಆದರೂ ನೊಬೆಲ್ ಘೋಷಣೆಯಾದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟ ಇರಲಿಲ್ಲ. 2014ರಲ್ಲಿ ಯಾರೋ ಮಾಡಿದ್ದ ಪುಟವನ್ನು ಕಾಪಿರೈಟ್ ಕಾರಣಕ್ಕೆ ಅಳಿಸಿದ್ದರು. ಇನ್ನೊಂದು ಕರಡನ್ನು 2018ರ ಮೇ ತಿಂಗಳಲ್ಲಿ, ಆಧಾರ ಸಾಲದು ಅಂತ ತಿರುಗಿಸಿದ್ದರು. ಸಾಧಕಿಯರ ಪರಿಚಯವನ್ನು ಮುಕ್ತ ಪರವಾನಗಿಯಲ್ಲಿ ಕೊಡುವುದು, ಅವರ ಬಗ್ಗೆ ಹೊರಗಿನವರು ಬರೆದದ್ದನ್ನು ಒಟ್ಟುಮಾಡಿ ತೋರಿಸುವುದು, ಇವೆರಡೂ ವಿಜ್ಞಾನ ಸಂಘಗಳ ಕೈಯಲ್ಲೇ ಇರುವ ಕೆಲಸ.

ವಿಜ್ಞಾನಿಗಳಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಅನ್ನುತ್ತಾರೆ. "ಆರ್‌ಎನ್‌ಎ ಬಯಾಲಜಿ" ಅನ್ನುವ ಸಂಶೋಧನಾ ಪತ್ರಿಕೆ 2008ರಲ್ಲೇ ಒಂದು ನಿಯಮ ತಂದಿತು. ಜೀವಕೋಶದಲ್ಲಿರುವ ಆರ್‌ಎನ್‌ಎ ಅಣುಗಳ ಹೊಸ ಕುಟುಂಬದ ಬಗ್ಗೆ ಪ್ರಬಂಧ ಕೊಡುವವರು ವಿಕಿಪೀಡಿಯಕ್ಕೂ ಒಂದು ಲೇಖನ ಬರೆದುಕೊಡಬೇಕು. ಬರೆಯುವುದನ್ನೂ ಕೆಲಸದ ಭಾಗ ಮಾಡಿದರೆ ಪುರುಸೊತ್ತು ತಾನಾಗಿ ಸಿಗುತ್ತದೆ.

ನಿಮ್ಮ ಸಂಘದಲ್ಲಿ ಹಳೆಯ ಸಂಚಿಕೆಗಳಿದ್ದರೆ, ಯಾವ ಸಂಚಿಕೆಯಲ್ಲಿ ಯಾರು ಬರೆದಿದ್ದಾರೆ ಅಂತ ಒಂದು ಪಟ್ಟಿ ಮಾಡಲು ಶುರು ಮಾಡಿ. ಈಗಲೂ ನಮ್ಮ ಜೊತೆ ಇರುವ ಹಿರಿಯ ಲೇಖಕರ ಮನೆಗೆ ಮೊದಲು ಹೋಗಿ. ಅನುಮತಿ ಪತ್ರದ ಕನ್ನಡ ಕರಡು ನನ್ನ ಹತ್ತಿರ ಇದೆ, ಮೆಸೇಜ್ ಮಾಡಿದರೆ ಕಳಿಸುತ್ತೇನೆ.