ಹುಟ್ಟುವಾಗ ಬಾಲ ಇತ್ತು

"ಅಕ್ಕಾ, ನಾಳೆ ಬೆಳಿಗ್ಗೆ ಬಂದು ಸ್ವಲ್ಪ ಮರೀನ ಹಿಡ್ಕೋತೀರಾ? ಕಿವಿ ಟೇಪ್ ಬದಲಾಯಿಸಬೇಕು. ನೀವು ನಾಯಿ ಸಾಕಿ ಅಭ್ಯಾಸ ಇರೋರು."

ಇವತ್ತು ಹಾಲು ತರಲು ಹೊರಟಾಗ ಪಕ್ಕದ ಮನೆ ಹುಡುಗ ಕೇಳಿದ ಮಾತು ಇದು. ಒಂದು ತಿಂಗಳ ಹಿಂದೆ ಅವರ ಮನೆಗೆ ಡಾಬರ್‌ಮನ್ ಮರಿ ಬಂತು. ಬರುವಾಗಲೇ ಬಾಲದ ಜಾಗದಲ್ಲಿ ಹೆಬ್ಬೆರಳಿನಷ್ಟು ಮೊಂಡು. ಆಮೇಲೆ ಮೂರು ವಾರ ಮರಿ ಹೊರಗೆ ಕಾಣಿಸಲಿಲ್ಲ. ಇವತ್ತು ಗೇಟಿನ ಹತ್ತಿರ ಕೂತಿತ್ತು. ಎರಡೂ ಕಿವಿಯನ್ನು ಅರ್ಧಕ್ಕೆ ಕತ್ತರಿಸಿ, ನೆಟ್ಟಗೆ ನಿಲ್ಲಿಸಿ ಬಿಳಿ ಟೇಪ್ ಸುತ್ತಿದ್ದಾರೆ. ಕೆರೆದುಕೊಳ್ಳಬಾರದು ಅಂತ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್. ಪಾಪ, ಹಿಂಗಾಲು ಎತ್ತುತ್ತದೆ, ಅದು ಪ್ಲಾಸ್ಟಿಕ್‌ಗೆ ಟಪಟಪ ಬಡಿಯುತ್ತದೆ, ಸುಮ್ಮನಾಗುತ್ತದೆ, ಮತ್ತೆ ಎತ್ತುತ್ತದೆ.

ಯಾಕಪ್ಪ ಹೀಗೆ ಮಾಡಿಸಿದೆ ಅಂದೆ. "ಈ ಜಾತಿಗೆ ಹಂಗೇ ಅಲ್ವಾ ಅಕ್ಕ? ಬಾಲ ಹುಟ್ಟುತ್ತಲೇ ಇರಲ್ಲ. ಕಿವಿ ಮಾತ್ರ ನಾವು ನಿಲ್ಲಿಸಬೇಕು" ಅಂದ.

ಹುಟ್ಟುತ್ತಲೇ ಇರಲ್ಲ! ಓದಿದ ಹುಡುಗ. ಆ ಮರಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಡುವವನು. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ಮೈಸೂರಿನಲ್ಲಿ ನಾನು ಕೇಳಿದವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಾಬರ್‌ಮನ್‌ಗೆ ಉದ್ದ ಬಾಲ ಇರುತ್ತದೆ. ಬಾಕ್ಸರ್‌ಗೂ ಇರುತ್ತದೆ, ರಾಟ್‌ವೀಲರ್‌ಗೂ ಇರುತ್ತದೆ. ಡಾಬರ್‌ಮನ್ ಕಿವಿ ಲ್ಯಾಬ್ರಡಾರ್ ಕಿವಿಯ ಹಾಗೆ ಮೆತ್ತಗೆ ಜೋತು ಬಿದ್ದಿರುತ್ತದೆ. ನಾವು ನೋಡುವ ಚೂಪು ಕಿವಿ, ಮೊಂಡು ಬಾಲ ಎರಡೂ ಕತ್ತರಿಯ ಕೆಲಸ.

ನನಗೆ ಹೇಗೆ ಗೊತ್ತು ಅಂದರೆ, ನಾನು ಟಾರ್ಚ್ ಹಿಡಿದಿದ್ದೆ.

ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ನಮ್ಮ ನಾಯಿ ಕರಿಯನ ಕಥೆ ಇಲ್ಲಿ ಬರೆದಿದ್ದೆ, ಇದು ಅದಕ್ಕೂ ಮುಂಚಿನ ಮಾತು. ಆಗ ನಾನು ಪಿಯುಸಿ. ಮಂಡ್ಯದಲ್ಲಿ ನಮ್ಮ ಭಾವ ಡಾಬರ್‌ಮನ್ ಸಾಕಿ ಮರಿ ಮಾರುತ್ತಿದ್ದರು. ಒಂದು ಸಲ ಏಳು ಮರಿ. ಹುಟ್ಟಿ ಮೂರು ದಿನ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸಂಜೆ ಒಬ್ಬರು ಕತ್ತರಿ, ದಾರ, ಅಯೋಡಿನ್ ತಂದರು. ಕರೆಂಟ್ ಇರಲಿಲ್ಲ. ಭಾವ ಮರಿ ಹಿಡಿದರು, ನಾನು ಟಾರ್ಚ್ ಹಿಡಿದೆ. ಅರಿವಳಿಕೆ ಇಂಜೆಕ್ಷನ್ ಏನೂ ಇಲ್ಲ. ಅಷ್ಟು ಚಿಕ್ಕ ಮರಿಗೆ ನೋವು ಗೊತ್ತಾಗಲ್ಲ ಅಂದರು. ಮೊದಲನೇ ಮರಿ ಕಿರುಚಿದಾಗ ಒಳಗಿನ ಕೋಣೆಯಲ್ಲಿ ಕೂಡಿಹಾಕಿದ್ದ ತಾಯಿ ಬಾಗಿಲು ಪರಚಲು ಶುರು ಮಾಡಿತು. ಏಳನೇ ಮರಿ ಮುಗಿಯುವವರೆಗೂ ಪರಚುತ್ತಲೇ ಇತ್ತು. ನೋವು ಗೊತ್ತಾಗದಿದ್ದರೆ ಅವು ಯಾಕೆ ಕಿರುಚಿದವು? ನಾನು ಕೇಳಲಿಲ್ಲ. ಟಾರ್ಚ್ ಕೆಳಗಿಡಲೂ ಇಲ್ಲ.

ಕೆಲವರು ಕತ್ತರಿ ಹಾಕುವುದಿಲ್ಲ, ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ರಕ್ತ ಓಡಾಟ ನಿಂತು ಕೆಲವು ದಿನದಲ್ಲಿ ಬಾಲ ಒಣಗಿ ಬೀಳುತ್ತದೆ. ಇದು ಮೃದುವಾದ ದಾರಿ ಅಂತ ಬೇರೆ ಹೇಳುತ್ತಾರೆ. ಬಾಲ ಅಂದರೆ ಕೂದಲು, ಉಗುರು ಅಲ್ಲ. ಬೆನ್ನುಮೂಳೆಯೇ ಮುಂದುವರಿದು ಬಾಲ ಆಗಿರುವುದು. ಅದರಲ್ಲಿ ಎಲುಬು, ನರ, ಸ್ನಾಯು ಎಲ್ಲ ಇದೆ.

ನಾಯಿ ಮಾತಾಡುವುದೂ ಬಾಲದಿಂದಲೇ. 2007ರಲ್ಲಿ ಇಟಲಿಯ ವಿಜ್ಞಾನಿಗಳು ಒಂದು ವಿಷಯ ಕಂಡುಹಿಡಿದರು. ಯಜಮಾನರನ್ನು ಕಂಡಾಗ ನಾಯಿಯ ಬಾಲ ಬಲಕ್ಕೆ ಜಾಸ್ತಿ ಬೀಸುತ್ತದೆ, ಪರಿಚಯವಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ನಮ್ಮ ಕರಿಯ ನನ್ನ ಸ್ಕೂಟರ್ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಮಲಗಿದಲ್ಲೇ ಬಾಲವನ್ನು ನೆಲಕ್ಕೆ ಬಡಿಯುತ್ತಿದ್ದ. ಅಮ್ಮ ಆ ಸದ್ದು ಕೇಳಿಯೇ ನನಗೆ ಕಾಫಿಗೆ ಇಡುತ್ತಿದ್ದರು. ಪಕ್ಕದ ಮನೆ ಮರಿಯೂ ಇವತ್ತು ನನ್ನನ್ನು ನೋಡಿ ಖುಷಿಪಟ್ಟಿತು. ಸೊಂಟದಿಂದ ಹಿಂದಕ್ಕೆ ಇಡೀ ಮೈ ಅಲ್ಲಾಡಿಸಿತು. ಅಲ್ಲಾಡಿಸಲು ಬಾಲ ಎಲ್ಲಿದೆ?

ಬಾಲ ಇದ್ದರೆ ಗಾಯ ಆಗುತ್ತೆ ಅನ್ನುತ್ತಾರೆ. ಬ್ರಿಟನ್‌ನಲ್ಲಿ 1,38,212 ನಾಯಿಗಳ ದಾಖಲೆ ಹುಡುಕಿದರು. ಬಾಲಕ್ಕೆ ಪೆಟ್ಟಾಗಿದ್ದು 281 ನಾಯಿಗೆ. ಒಂದು ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕಾಗುತ್ತದೆ ಅಂತ 2010ರಲ್ಲಿ ಲೆಕ್ಕ ಕೊಟ್ಟರು. ಜೋತ ಕಿವಿಗೆ ಸೋಂಕು ಆಗುತ್ತೆ ಅನ್ನುವವರಿಗೆ ಕಾಕರ್ ಸ್ಪ್ಯಾನಿಯಲ್ ತೋರಿಸಿ. ಕಿವಿ ತೊಂದರೆ ಜಾಸ್ತಿ ಇರುವ ಜಾತಿ ಅದು. ಅದರ ಕಿವಿ ಉದ್ದವಾಗಿಯೇ ಬಿಡುತ್ತಾರೆ, ಬಾಲ ಕತ್ತರಿಸುತ್ತಾರೆ! ಕಾರಣ ಆರೋಗ್ಯ ಅಲ್ಲ. ನೋಡೋಕೆ ಚೆನ್ನಾಗಿರಬೇಕು, ಅಷ್ಟೇ.

ಕಾವಲು ನಾಯಿ, ಕಳ್ಳ ಕಿವಿ ಹಿಡಿದು ಎಳೆಯಬಾರದು ಅನ್ನುವ ಮಾತೂ ಇದೆ. ಈ ತಳಿ ಬೆಳೆಸಿದ ಡಾಬರ್‌ಮನ್ ಅನ್ನುವವರು ಜರ್ಮನಿಯ ಅಪೋಲ್ಡಾ ಊರಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದರು. ಅವರಿಗೆ ಅಂಥ ಕಾವಲು ನಾಯಿ ಬೇಕಿತ್ತೇನೋ, ಆದರೆ ಅದು ಹತ್ತೊಂಬತ್ತನೇ ಶತಮಾನದ ಮಾತು. ಅದೇ ಜರ್ಮನಿ 1987ರಲ್ಲಿ ಕಿವಿ ಕತ್ತರಿಸುವುದನ್ನು ನಿಲ್ಲಿಸಿತು, 1998ರಲ್ಲಿ ಬಾಲವನ್ನೂ. ಹುಟ್ಟಿದ ಊರಲ್ಲೇ ಬೇಡವಾದ್ದು ನಮ್ಮ ಬಡಾವಣೆಗೆ ಯಾಕೆ ಬೇಕು?

"ನಿಮ್ಮಪ್ಪ ಎತ್ತಿಗೆ ಮೂಗುದಾರ ಹಾಕಿರಲಿಲ್ವಾ" ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಹಾಕಿದ್ದರು. ಅದು ನೋವಿಲ್ಲದ ಕೆಲಸ ಅಂತ ನಾನು ಹೇಳಲ್ಲ. ಆದರೆ ಅಂದ ಕಾಣಲಿ ಅಂತ ಹಾಕಿದ್ದಲ್ಲ. ಅಪ್ಪನ ಜೊತೆ ಹೇಮಗಿರಿ ಜಾತ್ರೆಗೆ ಹೋಗುತ್ತಿದ್ದೆ. ಹಳ್ಳಿಕಾರ್ ಜೋಡಿ ನೋಡುವವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಬಾಲ ಹಿಡಿದು ತುದಿಯ ಕಪ್ಪು ಕುಚ್ಚಿನ ತನಕ ಕೈ ಆಡಿಸುತ್ತಿದ್ದರು. ಬಾಲಕ್ಕೆ ಊನ ಇದ್ದರೆ ಅಪ್ಪ ಆ ಎತ್ತಿನ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಅಂಥ ಮನೆಯಿಂದ ಬಂದ ನಾನು ಏಳು ಬಾಲ ಬೀಳುವುದನ್ನು ಬೆಳಕು ಹಿಡಿದು ನೋಡಿದೆ.

ಕಾನೂನು ಇದೆಯಲ್ಲ ಅಂತೀರಾ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಯನ್ನು ಊನ ಮಾಡುವುದು ಕ್ರೌರ್ಯ ಅನ್ನುತ್ತದೆ. ಮೊದಲ ಸಲದ ತಪ್ಪಿಗೆ ಅದರಲ್ಲಿ ಬರೆದಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಐವತ್ತು ರೂಪಾಯಿಗೆ ಯಾರು ಹೆದರುತ್ತಾರೆ ಹೇಳಿ.

ಹಾಗಾಗಿ ಕೊಳ್ಳುವ ನಿಮ್ಮನ್ನೇ ಕೇಳುತ್ತಿದ್ದೇನೆ. ಬಾಲ ಕತ್ತರಿಸುವುದು ಹುಟ್ಟಿದ ಎರಡರಿಂದ ಐದು ದಿನದೊಳಗೆ. ನೀವು ಮರಿ ನೋಡಲು ಹೋಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮೊದಲೇ ಫೋನ್ ಮಾಡಿ, ಮರಿ ಹುಟ್ಟುವ ಮುಂಚೆಯೇ ಹೇಳಿ: ಬಾಲ ಇರುವ ಮರಿ ಕೊಟ್ಟರೆ ಮಾತ್ರ ತಗೊಳ್ತೀನಿ, ಕಿವಿ ಮುಟ್ಟಬಾರದು. ನಾಲ್ಕು ಜನ ಹೀಗೆ ಹೇಳಿದರೆ ಮಾರುವವರೂ ಕತ್ತರಿ ಕೆಳಗಿಡುತ್ತಾರೆ.

ಸಂಜೆ ಮತ್ತೆ ಪಕ್ಕದ ಮನೆಗೆ ಹೋದೆ. ನಾಳೆ ಮರಿ ಹಿಡಿಯಲು ಬರಲ್ಲ ಅಂದೆ. ಹುಡುಗನಿಗೆ ಟಾರ್ಚಿನ ಕಥೆಯನ್ನೂ ಹೇಳಿದೆ. ಫೋನಿನಲ್ಲಿ ಬಾಲ ಇರುವ ಡಾಬರ್‌ಮನ್ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದ. ಆಮೇಲೆ ಮರಿಯ ಮೊಂಡು ಬಾಲವನ್ನು ಮುಟ್ಟಿದ. "ಹೊಲಿಗೆ ಬಿಚ್ಚಾಗಿದೆ. ಡಾಕ್ಟರನ್ನು ಕೇಳಿ ಟೇಪ್ ತೆಗೆದುಬಿಡು. ಕಿವಿ ನಿಲ್ಲದಿದ್ದರೆ ಬೀಳಲಿ ಬಿಡಪ್ಪ" ಅಂದೆ. "ಬೀಳುತ್ತಾ ಅಕ್ಕ?" ಅಂದ. ಬೀಳಬಹುದು ಅಂದೆ.

ಮರಿ ಮತ್ತೆ ಕಾಲೆತ್ತಿ ಕೆರೆಯಲು ನೋಡಿತು. ಅವನು ಕಾಲರ್ ಒಳಗೆ ಕೈ ಹಾಕಿ, ಕಿವಿಯ ಬುಡವನ್ನು ಮೆಲ್ಲಗೆ ಕೆರೆಯುತ್ತಾ ಕೂತ.